ಚರ್ಚಿನ ವಾರ್ಷಿಕೋತ್ಸವ ಮತ್ತು ಊರಿನ ಸೇವೆ: ದಾವಣಗೆರೆಯ ಸಭೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ ಮತ್ತು ಸುತ್ತಲಿನ ತಾಲ್ಲೂಕುಗಳ ಕ್ರೈಸ್ತ ಸಭೆಗಳಲ್ಲಿ ಸ್ಥಾಪನೆಯ ದಿನ ಹತ್ತಿರವಾದಾಗ ಪೆಂಡಾಲು, ಊಟ, ಅತಿಥಿಗಳ ಪಟ್ಟಿ ಇವುಗಳ ಜೊತೆಗೆ ಈ ವರ್ಷ ಊರಿಗಾಗಿ ಏನು ಮಾಡೋಣ ಎಂಬ ಮಾತೂ ಸಮಿತಿಯಲ್ಲಿ ಬರುತ್ತದೆ. ಬೆಳ್ಳಿ ಹಬ್ಬವಾಗಲಿ, ಸುವರ್ಣ ಮಹೋತ್ಸವವಾಗಲಿ, ಶತಮಾನೋತ್ಸವವಾಗಲಿ, ಆ ಮಾತು ಕಾರ್ಯರೂಪಕ್ಕೆ ಬರುವಾಗ ಸಭೆಯವರೂ ನೆರೆಹೊರೆಯವರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಸೇವೆಯನ್ನು ಕೊಡುವವರ ಅನುಕೂಲ ನೋಡಿ ಆರಿಸದೆ, ಪಡೆಯುವವರ ಅಗತ್ಯ ನೋಡಿ ಆರಿಸಬೇಕು ಎಂಬ ನಂಬಿಕೆಯಿಂದ ಇವನ್ನು ಬರೆಯಲಾಗಿದೆ.

ವಾರ್ಷಿಕೋತ್ಸವ ದೇವರಿಗೆ ಕೃತಜ್ಞತೆ ಸಲ್ಲಿಸುವ ದಿನ. ಅದರಲ್ಲಿ ಸಮಾಜ ಸೇವೆಗೆ ಏನು ಸ್ಥಾನ?

ಕೃತಜ್ಞತಾ ಆರಾಧನೆ, ಕಥೋಲಿಕ ಧರ್ಮಕೇಂದ್ರಗಳಲ್ಲಾದರೆ ಬಲಿಪೂಜೆ, ಆ ದಿನದ ಮೊದಲ ಕಾರ್ಯ. ಸೇವೆಯನ್ನು ಅದರ ಬದಲಿಗೆ ಇಡಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಬೈಬಲಿನ ಯಾಜಕಕಾಂಡದ 25ನೆಯ ಅಧ್ಯಾಯವು ಐವತ್ತನೆಯ ವರ್ಷವನ್ನು ಪವಿತ್ರವೆಂದು ಸಾರುವಾಗ, ಬಡತನದಿಂದ ತನ್ನನ್ನೇ ಮಾರಿಕೊಂಡವನು ಬಿಡುಗಡೆಯಾಗಿ ತನ್ನ ಕುಟುಂಬಕ್ಕೆ ಮರಳಬೇಕೆಂದೂ, ಕೈಬಿಟ್ಟುಹೋದ ಹೊಲ ಮೂಲದವರಿಗೆ ಹಿಂತಿರುಗಬೇಕೆಂದೂ ಹೇಳುತ್ತದೆ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಹಸಿದವರು, ಬಾಯಾರಿದವರು, ಪರಸ್ಥಳದವರು, ಬಟ್ಟೆಯಿಲ್ಲದವರು, ರೋಗಿಗಳು ಮತ್ತು ಸೆರೆಯಲ್ಲಿರುವವರಿಗೆ ಮಾಡಿದ್ದನ್ನು ಕ್ರಿಸ್ತನು ತನಗೇ ಮಾಡಿದ್ದೆಂದು ಎಣಿಸುತ್ತಾನೆ. ಇವೆರಡನ್ನೂ ಓದಿದ ಸಭೆಯು ತನ್ನ ಹಬ್ಬದ ಬಹುಪಾಲು ಹಣವನ್ನು ವೇದಿಕೆ ಮತ್ತು ಶಾಲುಗಳಿಗೆ ವೆಚ್ಚ ಮಾಡುವುದು ಕಷ್ಟ. ಜೊತೆಗೆ, ಹನ್ನೆರಡನೆಯ ಶತಮಾನದ ಶರಣರ ಕಾಲದಿಂದ ದಾಸೋಹದ ಬೆಲೆಯನ್ನು ಬಲ್ಲ ಈ ಸೀಮೆಯಲ್ಲಿ, ಹಬ್ಬವೆಂದರೆ ಹಂಚಿಕೊಳ್ಳುವುದು ಎಂಬುದನ್ನು ನೆರೆಯವರಿಗೆ ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ಯಾವ ಸೇವೆ ಮಾಡಬೇಕು ಎಂಬುದನ್ನು ಹೇಗೆ ನಿರ್ಧರಿಸಬೇಕು?

ಸಮಿತಿಯ ಕೋಣೆಯಲ್ಲಿ ಕುಳಿತು ನಿರ್ಧರಿಸಬಾರದು ಎಂಬುದು ಮೊದಲ ಉತ್ತರ. ದಾವಣಗೆರೆ ಈ ಭಾಗದ ಆಸ್ಪತ್ರೆಗಳ ಊರು. ಚಿಗಟೇರಿ ಜಿಲ್ಲಾ ಆಸ್ಪತ್ರೆಗೂ ಬಾಪೂಜಿ ಆಸ್ಪತ್ರೆಗೂ ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿ ಕಡೆಯಿಂದ ರೋಗಿಗಳು ಬರುತ್ತಾರೆ, ಅವರ ಜೊತೆಗೆ ನೋಡಿಕೊಳ್ಳುವವರೂ ಬರುತ್ತಾರೆ. ಹಾಸಿಗೆ ಸಿಗುವುದು ರೋಗಿಗೆ ಮಾತ್ರ; ಜೊತೆಗೆ ಬಂದವರಿಗೆ ರಾತ್ರಿ ಮಲಗಲು ಚಾಪೆ, ಸ್ನಾನಕ್ಕೆ ಜಾಗ, ಯಾವ ವಿಭಾಗ ಎಲ್ಲಿದೆ ಎಂದು ಹೇಳುವ ಒಬ್ಬ ಪರಿಚಿತ ಮನುಷ್ಯ, ಇವು ಬೇಕಾಗಿರುತ್ತವೆ. ಎಪಿಎಂಸಿ ಮಾರುಕಟ್ಟೆಯ ಹಮಾಲರು, ಮಂಡಕ್ಕಿ ಭಟ್ಟಿಗಳ ಹೊಗೆ ಮತ್ತು ಬಿಸಿಯಲ್ಲಿ ದುಡಿಯುವ ಕುಟುಂಬಗಳು, ಮಳೆ ಕೈಕೊಟ್ಟ ವರ್ಷ ಜಗಳೂರಿನ ಕಡೆಯಿಂದ ಕೂಲಿಗೆ ಬರುವವರು, ಒಬ್ಬೊಬ್ಬರ ಅಗತ್ಯವೂ ಬೇರೆ ಬೇರೆ.

ಆದ್ದರಿಂದ ಹಬ್ಬಕ್ಕೆ ಮೂರ್ನಾಲ್ಕು ತಿಂಗಳು ಇರುವಾಗಲೇ ಸಭೆಯ ಕೆಲವರು ಆಸ್ಪತ್ರೆಯ ಶುಶ್ರೂಷಕಿಯರನ್ನು, ಬಡಾವಣೆಯ ಆಶಾ ಕಾರ್ಯಕರ್ತೆಯರನ್ನು, ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಭೇಟಿಯಾಗಿ, ಇಲ್ಲಿ ಯಾವುದು ಕಡಿಮೆ ಬೀಳುತ್ತದೆ ಎಂದು ಕೇಳಬೇಕು. ಶಾಲೆಗೆ ಸಂಬಂಧಿಸಿದ ಕೊಡುಗೆಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಡನೆ ಮಾತನಾಡಿಯೇ ಕೊಡಬೇಕು. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಸಂಪರ್ಕವಿಲ್ಲದ ಶಾಲೆಗೆ ಇನ್ನೊಂದು ಕಂತೆ ನೋಟ್‌ಬುಕ್ ಹೋಗಿ ಸೇರುವುದು ಕೇಳದೆ ಕೊಟ್ಟಾಗಲೇ. ಕಥೋಲಿಕ ಧರ್ಮಕೇಂದ್ರಗಳಲ್ಲಿ ವಿನ್ಸೆಂಟ್ ದ ಪೌಲ್ ಸಂಘವಿದ್ದರೆ ಅದರ ಸದಸ್ಯರ ಮಾತಿಗೆ ವಿಶೇಷ ಬೆಲೆ ಕೊಡಬೇಕು. 1833ರಲ್ಲಿ ಪ್ಯಾರಿಸಿನಲ್ಲಿ ಆರಂಭವಾದ ಆ ಸಂಘದ ಪದ್ಧತಿಯೇ ಕಷ್ಟದಲ್ಲಿರುವವರ ಮನೆಗೆ ಹೋಗಿ ನೋಡುವುದು, ಆಮೇಲೆ ನೆರವಾಗುವುದು.

ರಕ್ತದಾನ ಶಿಬಿರ ನಡೆಸಬೇಕೆಂದಿದ್ದೇವೆ. ಏನೇನು ತಿಳಿದಿರಬೇಕು?

ರಕ್ತದಾನ ಶಿಬಿರಕ್ಕೆ ಚರ್ಚಿನ ಸಭಾಂಗಣ ಚೆನ್ನಾಗಿ ಒದಗುತ್ತದೆ: ನೆರಳು, ಬೆಂಚು, ನೀರು, ಫ್ಯಾನು ಎಲ್ಲವೂ ಅಲ್ಲಿಯೇ ಇರುತ್ತವೆ. ಆದರೆ ರಕ್ತ ಸಂಗ್ರಹಿಸುವ ಅಧಿಕಾರವಿರುವುದು ಪರವಾನಗಿ ಪಡೆದ ರಕ್ತ ಕೇಂದ್ರಕ್ಕೆ ಮಾತ್ರ. ಸಭೆಯ ಪಾತ್ರ ಸ್ಥಳ ಕೊಡುವುದು, ದಾನಿಗಳನ್ನು ಕರೆತರುವುದು, ಉಪಚಾರ ನೋಡಿಕೊಳ್ಳುವುದು. ದಾನಿಯ ವಯಸ್ಸು 18ರಿಂದ 65 ವರ್ಷದೊಳಗೆ, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ ಕನಿಷ್ಠ 12.5 ಗ್ರಾಂ ಇರಬೇಕು. ಒಮ್ಮೆ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು. ಹಿಮೋಗ್ಲೋಬಿನ್ ಕಡಿಮೆಯೆಂದು ಹಲವು ಹೆಂಗಸರು ಹಿಂತಿರುಗಬೇಕಾಗುತ್ತದೆ. ಅವರನ್ನು ಬರಿದೇ ಕಳುಹಿಸದೆ, ರಕ್ತಹೀನತೆಯ ಪರೀಕ್ಷೆ ಮತ್ತು ಕಬ್ಬಿಣಾಂಶದ ಮಾತ್ರೆ ಎಲ್ಲಿ ಸಿಗುತ್ತದೆ ಎಂದು ಹೇಳಿ ಕಳುಹಿಸುವುದೂ ಸೇವೆಯೇ.

ನಮ್ಮ ಸಭೆಗಳಿಗೆ ವಿಶೇಷವಾಗಿ ಅನ್ವಯಿಸುವ ಒಂದು ಎಚ್ಚರಿಕೆಯಿದೆ. ತಪಸ್ಸುಕಾಲದಲ್ಲಿ ಉಪವಾಸವಿರುವವರು, ಭಾನುವಾರ ಬೆಳಿಗ್ಗೆ ತಿಂಡಿ ಬಿಟ್ಟು ಆರಾಧನೆಗೆ ಬಂದು ಅಲ್ಲಿಂದ ನೇರವಾಗಿ ಶಿಬಿರದ ಸಾಲಿಗೆ ನಿಲ್ಲುವವರು ತಲೆ ಸುತ್ತಿ ಬೀಳುವ ಸಾಧ್ಯತೆ ಹೆಚ್ಚು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬಾರದು. ಆರಾಧನೆ ಮುಗಿದ ಮೇಲೆ ಉಪ್ಪಿಟ್ಟನ್ನೋ ಇಡ್ಲಿಯನ್ನೋ ಬಡಿಸಿ, ನೀರು ಕುಡಿಸಿ, ಸ್ವಲ್ಪ ಹೊತ್ತು ಬಿಟ್ಟು ಶಿಬಿರ ಆರಂಭಿಸುವುದು ಸರಿಯಾದ ಕ್ರಮ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಎಪ್ಪತ್ತೈದನೆಯ ವರ್ಷಕ್ಕೆ ಎಪ್ಪತ್ತೈದು ಯೂನಿಟ್, ನೂರಕ್ಕೆ ನೂರು ಎಂಬ ಉತ್ಸಾಹ ಒಳ್ಳೆಯ ಮನಸ್ಸಿನಿಂದಲೇ ಹುಟ್ಟುತ್ತದೆ. ಆದರೆ ಕೆಂಪು ರಕ್ತಕಣಗಳನ್ನು ಕಾಪಿಡಬಹುದಾದದ್ದು 35ರಿಂದ 42 ದಿನ, ಪ್ಲೇಟ್‌ಲೆಟ್‌ಗಳನ್ನು ಕೇವಲ 5 ದಿನ. ಒಂದೇ ದಿನ ರಾಶಿಯಾಗಿ ಬಂದ ರಕ್ತ ಬಳಕೆಯಾಗದೆ ಉಳಿದರೆ ದಾನಿಯ ಶ್ರಮ ವ್ಯರ್ಥ. ಎಷ್ಟು ಯೂನಿಟ್ ಬೇಕು, ಯಾವ ಗುಂಪಿನದು ಬೇಕು ಎಂದು ರಕ್ತ ಕೇಂದ್ರವನ್ನೇ ಕೇಳಿ, ಉಳಿದ ದಾನಿಗಳ ಒಪ್ಪಿಗೆ ಪಡೆದು ಪಟ್ಟಿ ಮಾಡಿಟ್ಟು, ವರ್ಷದುದ್ದಕ್ಕೂ ಸರದಿಯಂತೆ ಕಳುಹಿಸುವುದು ಹೆಚ್ಚು ಉಪಯುಕ್ತ. ಕಾಲೇಜುಗಳ ಊರಾದ ದಾವಣಗೆರೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ವಿದ್ಯಾರ್ಥಿಗಳು ರಜೆಗೆ ಊರಿಗೆ ಹೋಗಿರುತ್ತಾರೆ. ಆಗ ಸಭೆಯ ಪಟ್ಟಿಯಿಂದ ವಾರಕ್ಕೆ ನಾಲ್ಕು ಜನ ಹೋದರೂ ದೊಡ್ಡ ಉಪಕಾರ. ಹಣಕ್ಕೆ ರಕ್ತ ಕೊಡುವ ಪದ್ಧತಿಯನ್ನು ಸುಪ್ರೀಂ ಕೋರ್ಟಿನ ತೀರ್ಪಿನಂತೆ 1998ರ ಜನವರಿ 1ರಿಂದ ನಿಷೇಧಿಸಲಾಗಿದೆ, ಆದ್ದರಿಂದ ಈ ಸ್ವಯಂಪ್ರೇರಿತ ದಾನಿಗಳೇ ಇಡೀ ವ್ಯವಸ್ಥೆಯ ಆಧಾರ.

ಕಣ್ಣಿನ ತಪಾಸಣೆ ಮತ್ತು ಸಾಮಾನ್ಯ ಆರೋಗ್ಯ ಶಿಬಿರಗಳಿಂದ ನಿಜವಾಗಿ ಪ್ರಯೋಜನವಿದೆಯೇ?

ಮುಂದಿನ ದಾರಿ ಮೊದಲೇ ಸಿದ್ಧವಾಗಿದ್ದರೆ ಖಂಡಿತ ಇದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇವೆರಡಕ್ಕೂ ಬಹುತೇಕ ಜೀವನಪರ್ಯಂತ ಚಿಕಿತ್ಸೆ ಬೇಕು. ಶಿಬಿರದಲ್ಲಿ ಹತ್ತು ದಿನದ ಮಾತ್ರೆ ಕೊಟ್ಟು ಕಳುಹಿಸಿದರೆ ಹನ್ನೊಂದನೆಯ ದಿನ ಆ ವ್ಯಕ್ತಿ ಎಲ್ಲಿಗೆ ಹೋಗಬೇಕು ಎಂಬುದು ಗೊತ್ತಿರಬೇಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಹೆಸರು ಬರೆದ ಚೀಟಿಯನ್ನು ಕೊಟ್ಟು, ತಿಂಗಳ ನಂತರ ಸಭೆಯ ಒಬ್ಬರು ವಿಚಾರಿಸಬೇಕು. ಕಣ್ಣಿನ ಪೊರೆಯ ವಿಷಯದಲ್ಲಿ ಶಿಬಿರದಲ್ಲಿ ಆಗಬೇಕಾದದ್ದು ತಪಾಸಣೆ ಮಾತ್ರ. ಶಸ್ತ್ರಚಿಕಿತ್ಸೆ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲೇ ಆಗಬೇಕು. ವಯಸ್ಸಾದವರನ್ನು ಕರೆದೊಯ್ದು, ಕರೆತಂದು, ಔಷಧ ಹಾಕುವ ಕ್ರಮವನ್ನು ಮನೆಯವರಿಗೆ ತಿಳಿಸುವ ಕೆಲಸಕ್ಕೆ ಯುವಜನ ಸಂಘದವರು ಬೇಕು.

ನೇತ್ರದಾನದ ಪ್ರತಿಜ್ಞಾ ಪತ್ರಗಳನ್ನೂ ಅದೇ ದಿನ ತುಂಬಿಸಬಹುದು. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ನಿಧನರಾದಾಗ ಅವರ ಕಣ್ಣುಗಳನ್ನು ದಾನ ಮಾಡಿದ್ದನ್ನು ಕನ್ನಡಿಗರು ಮರೆತಿಲ್ಲ. ಆದರೆ ಪತ್ರಕ್ಕೆ ಸಹಿ ಮಾಡಿದರೆ ಸಾಲದು, ಮನೆಯವರಿಗೆ ತಿಳಿದಿರಬೇಕು. ಸಾವು ಸಂಭವಿಸಿದ ಸುಮಾರು ಆರು ಗಂಟೆಯೊಳಗೆ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು, ಪಡೆಯಬೇಕಾಗುತ್ತದೆ. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಅದರ ಮೇಲೆ ಒದ್ದೆ ಹತ್ತಿಯಿಟ್ಟು, ಫ್ಯಾನು ಆರಿಸಿ, ತಲೆಯನ್ನು ಸ್ವಲ್ಪ ಎತ್ತರಿಸಿರಬೇಕು. ಕನ್ನಡಕ ಹಾಕುವವರೂ ಪೊರೆಯ ಶಸ್ತ್ರಚಿಕಿತ್ಸೆ ಆದವರೂ ಕಣ್ಣು ದಾನ ಮಾಡಬಹುದು. ಇದು ದೇಹದ ಪುನರುತ್ಥಾನದ ನಂಬಿಕೆಗೆ ವಿರುದ್ಧವೇ ಎಂದು ಹಿರಿಯರು ಕೇಳುವುದುಂಟು. ಕಥೋಲಿಕ ಸಭೆಯು ಮರಣಾನಂತರದ ಅಂಗದಾನವನ್ನು ಉದಾತ್ತ ಕಾರ್ಯವೆಂದೇ ಬೋಧಿಸುತ್ತದೆ.

ಒಂದು ದಿನದ ಕಾರ್ಯಕ್ರಮದ ಬದಲು ಹೆಚ್ಚು ಕಾಲ ನಡೆಯುವ ಸೇವೆ ಯಾವುದಿದೆ?

ನನ್ನನ್ನು ಕೇಳಿದರೆ ಕ್ಷಯರೋಗಿಗಳ ಆಹಾರದ ಹೊಣೆಯನ್ನು ಮೊದಲು ಹೇಳುತ್ತೇನೆ. ಕೇಂದ್ರ ಸರ್ಕಾರವು 2022ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿದ ನಿಕ್ಷಯ್ ಮಿತ್ರ ವ್ಯವಸ್ಥೆಯಲ್ಲಿ ವ್ಯಕ್ತಿಗಳು ಮಾತ್ರವಲ್ಲದೆ ಸಂಘ ಸಂಸ್ಥೆಗಳೂ ನೋಂದಾಯಿಸಿಕೊಂಡು, ಒಪ್ಪಿಗೆ ಕೊಟ್ಟ ರೋಗಿಗಳಿಗೆ ಕನಿಷ್ಠ ಆರು ತಿಂಗಳು ಪೌಷ್ಟಿಕ ಆಹಾರದ ಕಿಟ್ ಒದಗಿಸಬಹುದು. ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆಯ ಅವಧಿಯೂ ಆರು ತಿಂಗಳು. ಮಾತ್ರೆ ಸರ್ಕಾರದಿಂದ ಉಚಿತವಾಗಿ ಸಿಗುತ್ತದೆ. ಆದರೆ ಕೂಲಿಗೆ ಹೋಗಲಾಗದೆ ಮನೆಯಲ್ಲಿರುವ ಮನುಷ್ಯನಿಗೆ ಬೇಳೆ, ಎಣ್ಣೆ, ಕಡಲೆಬೀಜ, ಮೊಟ್ಟೆ ಸಿಗುವುದು ಕಷ್ಟ. ತೂಕ ಇಳಿದ ರೋಗಿಯು ನಿತ್ರಾಣನಾಗುತ್ತಾನೆ. ಸ್ವಲ್ಪ ಗುಣವಾದಂತೆ ಕಂಡೊಡನೆ ಮಾತ್ರೆ ನಿಲ್ಲಿಸಿದರೆ ಔಷಧಕ್ಕೆ ಬಗ್ಗದ ಕ್ಷಯ ಬರುವ ಅಪಾಯವಿದೆ. ತಿಂಗಳಿಗೊಮ್ಮೆ ಕಿಟ್ ತೆಗೆದುಕೊಂಡು ಬರುವವರು ಮಾತ್ರೆಯ ಬಗ್ಗೆಯೂ ವಿಚಾರಿಸಿದರೆ ಎರಡು ಕೆಲಸಗಳು ಒಟ್ಟಿಗೆ ಆಗುತ್ತವೆ.

ಇದಕ್ಕೆ ಜಿಲ್ಲಾ ಕ್ಷಯರೋಗ ನಿಯಂತ್ರಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬೇಕು. ರೋಗಿಯ ಹೆಸರನ್ನು ಚರ್ಚಿನಲ್ಲಿ ಓದುವುದಾಗಲಿ, ಕಿಟ್ ಕೊಡುವ ಚಿತ್ರವನ್ನು ಹಂಚುವುದಾಗಲಿ ಕೂಡದು. ಕ್ಷಯವೆಂದು ತಿಳಿದರೆ ಬಾಡಿಗೆ ಮನೆ ಬಿಡಿಸುವ, ಮದುವೆ ಮಾತುಕತೆ ಮುರಿಯುವ ಜನ ಈಗಲೂ ಇದ್ದಾರೆ.

ಅನ್ನಸಂತರ್ಪಣೆ ಮಾಡಬಾರದೇ?

ಮಾಡಬೇಕು, ಮತ್ತು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವಂತೆ ಮಾಡಬೇಕು. ಅತಿಥಿಗಳಿಗೆ ಒಂದು ಅಡುಗೆ, ಬಡವರಿಗೆ ಇನ್ನೊಂದು ಪೊಟ್ಟಣ ಎಂಬ ಭೇದ, ಒಂದೇ ರೊಟ್ಟಿಯನ್ನು ಹಂಚಿಕೊಳ್ಳುವ ಪ್ರಭು ಭೋಜನದಲ್ಲಿ ಪಾಲ್ಗೊಳ್ಳುವವರಿಗೆ ಸಲ್ಲದು.

ಹಣವಿಲ್ಲದ ಸಣ್ಣ ಸಭೆ ಏನು ಮಾಡಬಹುದು?

ಅರ್ಜಿ ತುಂಬುವ ಸಹಾಯ ಕೇಂದ್ರವನ್ನು ನಡೆಸಬಹುದು. ಇದಕ್ಕೆ ನಾಲ್ಕು ಮೇಜು, ಓದು ಬರಹ ಬಲ್ಲ ಕೆಲವು ಮಂದಿ ಮತ್ತು ತಾಳ್ಮೆ ಸಾಕು. ವಿಧವಾ ವೇತನ, ಸಂಧ್ಯಾ ಸುರಕ್ಷಾ, ಅಂಗವಿಕಲರ ಮಾಸಾಶನ, ವಿದ್ಯಾರ್ಥಿವೇತನ ಇವುಗಳಿಗೆ ಅರ್ಹರಾಗಿದ್ದೂ ಆಧಾರ್‌ನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರು ಇರುವ ಕಾರಣಕ್ಕೆ ವಂಚಿತರಾದವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಸೌಲಭ್ಯವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ಕಾರ್ಡು ಮಾಡಿಸದೆ ಬಡ್ಡಿಗೆ ಸಾಲ ತಂದು ಆಸ್ಪತ್ರೆಗೆ ಕಟ್ಟಿದ ಕುಟುಂಬಕ್ಕೆ ಈ ಮಾಹಿತಿ ಒಂದು ವರ್ಷ ಮುಂಚೆ ಸಿಕ್ಕಿದ್ದರೆ ಎಷ್ಟು ಉಳಿಯುತ್ತಿತ್ತೋ ಯೋಚಿಸಿ ನೋಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವು ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡುತ್ತದೆ. ಅವರನ್ನು ಕೇಳಿಕೊಂಡು ಒಬ್ಬ ವಕೀಲರನ್ನು ಅಂದು ಕರೆಸಬಹುದು. ವೇದಿಕೆಯ ಮೇಲೆ ತೋರಿಸಲು ಇಲ್ಲಿ ಏನೂ ಇಲ್ಲದ ಕಾರಣ ಈ ಸೇವೆಯನ್ನು ಆರಿಸುವವರು ಕಡಿಮೆ, ಆದರೆ ಖರ್ಚಿಗೆ ಹೋಲಿಸಿದರೆ ಇದರಷ್ಟು ಫಲ ಕೊಡುವ ಕೆಲಸ ಬೇರೊಂದು ನನಗೆ ಕಂಡಿಲ್ಲ.

ಸೇವೆ ಪಡೆಯಲು ಬಂದವರಿಗೆ ಕರಪತ್ರ ಹಂಚಬಹುದೇ? ಪ್ರಾರ್ಥನೆಗೆ ಕೂರಿಸಬಹುದೇ?

ಬೇಡ. ಔಷಧದ ಸಾಲಿನಲ್ಲಿ ನಿಂತಿರುವವರಿಗೆ ಬೇಡವೆನ್ನುವ ಸ್ವಾತಂತ್ರ್ಯ ಇರುವುದಿಲ್ಲ. ಅಂಥವರ ಮುಂದೆ ಇಡುವ ಯಾವ ಆಹ್ವಾನವೂ ಅವರಿಗೆ ಷರತ್ತಿನಂತೆಯೇ ಕೇಳಿಸುತ್ತದೆ. ಯೇಸು ಹೇಳಿದ ಕಥೆಯ ಒಳ್ಳೆಯ ಸಮಾರ್ಯದವನು ದಾರಿಯಲ್ಲಿ ಬಿದ್ದಿದ್ದವನ ಗಾಯ ಕಟ್ಟುವ ಮೊದಲು ಅವನ ನಂಬಿಕೆಯನ್ನು ವಿಚಾರಿಸಲಿಲ್ಲ, ಛತ್ರದ ಖರ್ಚು ಕೊಟ್ಟ ಮೇಲೂ ಏನನ್ನೂ ಕೇಳಲಿಲ್ಲ. ಸೇವೆಯ ಸ್ಥಳದಲ್ಲಿ ಹೆಸರು, ವಯಸ್ಸು, ಕಾಯಿಲೆ ಇಷ್ಟನ್ನು ಬರೆದುಕೊಂಡರೆ ಸಾಕು. ಜಾತಿ, ಧರ್ಮದ ಕಾಲಮನ್ನು ಇಡಬಾರದು. ಸಭೆಯವರು ಬೆಳಿಗ್ಗೆ ತಾವು ಮಾತ್ರ ಸೇರಿ ಪ್ರಾರ್ಥಿಸಿ ಕೆಲಸ ಆರಂಭಿಸಲಿ. ಯಾರಾದರೂ ತಾವಾಗಿಯೇ ಬಂದು ನಮಗಾಗಿ ಪ್ರಾರ್ಥಿಸಿ ಎಂದು ಕೇಳಿಕೊಂಡರೆ ಅದು ಅವರ ಇಷ್ಟ. ಇಂದಿನ ದಿನಗಳಲ್ಲಿ ಅನುಮಾನಗಳು ಬೇಗ ಹರಡುತ್ತವೆ ಎಂಬ ಕಾರಣವೂ ಇದಕ್ಕಿದೆ. ಆದರೆ ಅನುಮಾನವೇ ಇಲ್ಲದ ಕಾಲದಲ್ಲೂ ಉತ್ತರ ಇದೇ ಆಗಿರಬೇಕಿತ್ತು.

ಬೇರೆ ಧರ್ಮದವರು ಸ್ವಯಂಸೇವಕರಾಗಿ ಬರಬಹುದೇ?

ಬರಬಹುದು, ಬರಬೇಕು. ಹರಿಹರದ ಆರೋಗ್ಯ ಮಾತೆಯ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಧರ್ಮದ ಜನ ಸೇರುವುದನ್ನು ನೋಡಿದ ಈ ಜಿಲ್ಲೆಯವರಿಗೆ ಇದರಲ್ಲಿ ಹೊಸದೇನಿಲ್ಲ. ಪಕ್ಕದ ಮಸೀದಿಯ, ಮಠದ, ದೇವಸ್ಥಾನದ ಸಮಿತಿಯವರನ್ನು ಅತಿಥಿಗಳಾಗಿ ಕರೆಯುವುದಕ್ಕಿಂತ ಯೋಜನೆಯ ಹಂತದಲ್ಲೇ ಜೊತೆಗಾರರಾಗಿ ಕರೆಯುವುದು ಮೇಲು.

ಮಕ್ಕಳ ಆಶ್ರಮಕ್ಕೆ ಭೇಟಿ ಕೊಡುವಾಗ ಏನನ್ನು ಗಮನಿಸಬೇಕು?

2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮಿನ ಪ್ರಕಾರ, ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಕ್ಕಳ ಗುರುತು ತಿಳಿಯುವಂತೆ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಪ್ರಕಟಿಸುವಂತಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಹಾಕುವ ಚಿತ್ರದ ವಿಷಯದಲ್ಲೂ ಇದೇ ಎಚ್ಚರ ಬೇಕು. ಕಾನೂನನ್ನು ಬದಿಗಿಟ್ಟು ನೋಡಿದರೂ, ಬಿಸ್ಕತ್ತಿನ ಪೊಟ್ಟಣ ಹಿಡಿದು ಅಪರಿಚಿತರ ಪಕ್ಕದಲ್ಲಿ ನಗಬೇಕಾದ ಮಗುವಿನ ಮನಸ್ಸನ್ನು ನಾವು ಯೋಚಿಸಬೇಕು. ಹಬ್ಬದ ದಿನ ಎಲ್ಲರೂ ಹೋಗುತ್ತಾರೆ. ಗಣಿತ ಹೇಳಿಕೊಡಲು ಪ್ರತಿ ಶನಿವಾರ ಹೋಗುವ ಇಬ್ಬರು ಪದವೀಧರರನ್ನು ಸಭೆಯು ಕೊಟ್ಟರೆ ಆ ಮಕ್ಕಳಿಗೆ ಅದು ಎಸ್ಸೆಸ್ಸೆಲ್ಸಿಯವರೆಗೆ ನೆರವಾಗುತ್ತದೆ.

ಗಿಡ ನೆಡುವುದು, ಕೆರೆ ಸ್ವಚ್ಛಗೊಳಿಸುವುದು?

ವಾರ್ಷಿಕೋತ್ಸವ ಜನವರಿಯಲ್ಲಿ ಬಂದರೂ ಗಿಡ ನೆಡುವುದನ್ನು ಜೂನ್, ಜುಲೈ ಮಳೆಗೆ ಮುಂದೂಡಬೇಕು. ಬೇವು, ಹೊಂಗೆ, ನೇರಳೆ ಈ ಬಯಲು ಸೀಮೆಗೆ ಒಗ್ಗುತ್ತವೆ. ಮೊದಲ ಎರಡು ಬೇಸಿಗೆ ನೀರು ಹಾಕುವವರ ಹೆಸರು ಗೊತ್ತಾದ ಮೇಲೆಯೇ ಗುಂಡಿ ತೋಡಬೇಕು. ಕುಂದವಾಡ ಕೆರೆಯಂತಹ, ಊರಿಗೆ ಕುಡಿಯುವ ನೀರು ಕೊಡುವ ಮತ್ತು ಹಕ್ಕಿಗಳು ಬರುವ ಜಾಗದಲ್ಲಿ ಪಾಲಿಕೆಯ ಅನುಮತಿ ಪಡೆಯಬೇಕು. ಪ್ಲಾಸ್ಟಿಕ್ ಆರಿಸಬಹುದು, ದಡದ ಪೊದೆಗಳನ್ನು ಕಡಿಯಬಾರದು.

ಫ್ಲೆಕ್ಸ್ ಹಾಕಬಹುದೇ?

ರಾಜ್ಯ ಸರ್ಕಾರದ 2016ರ ಅಧಿಸೂಚನೆಯ ಪ್ರಕಾರ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್, ತಟ್ಟೆ, ಲೋಟ, ಮೇಜಿನ ಹಾಳೆಗಳಿಗೆ ನಿಷೇಧವಿದೆ. ಬಟ್ಟೆಯ ಮೇಲೆ ಬರೆಸಿದರೆ ಸಾಕು. ದಾನಿಗಳ ಚಿತ್ರಗಳಿಗಿಂತ ಶಿಬಿರದ ಸಮಯ, ಸ್ಥಳ, ತರಬೇಕಾದ ದಾಖಲೆಗಳು ದೊಡ್ಡ ಅಕ್ಷರದಲ್ಲಿ ಇರಲಿ.

ಹಣ ಸಂಗ್ರಹ ಮತ್ತು ಲೆಕ್ಕ ಹೇಗಿರಬೇಕು?

ಸೇವೆಗಾಗಿ ಬಂದ ಕಾಣಿಕೆಯನ್ನು ಪ್ರತ್ಯೇಕ ರಸೀತಿ ಪುಸ್ತಕದಲ್ಲಿ ಬರೆದು, ಹಬ್ಬದ ಇತರ ಖರ್ಚಿನೊಡನೆ ಬೆರೆಸದೆ ಇಡಬೇಕು. ಕೊಟ್ಟ ದಾನಕ್ಕೆ, 80ಜಿ ಎಂದು ಹೆಸರಾದ ಆದಾಯ ತೆರಿಗೆ ವಿನಾಯಿತಿ ಸಿಗುತ್ತದೆಯೇ ಎಂದು ಕೇಳುವ ದಾನಿಗಳಿಗೆ ಸ್ಪಷ್ಟವಾಗಿ ಹೇಳಬೇಕಾದದ್ದು ಇದು: ಒಂದು ಧರ್ಮದ ಸಮುದಾಯಕ್ಕಾಗಿಯೇ ಇರುವ ಸಂಸ್ಥೆಗೆ ಸಾಮಾನ್ಯವಾಗಿ ಆ ಮಾನ್ಯತೆ ಇರುವುದಿಲ್ಲ, ಮಾನ್ಯತೆ ಪಡೆದ ಸೇವಾ ಸಂಸ್ಥೆಗೆ ನೇರವಾಗಿ ಕೊಟ್ಟರೆ ಸಿಗಬಹುದು, ಆದರೆ 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಸಿಗದು. ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮವರು ಭಾರತದ ಪೌರರಾಗಿದ್ದು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಅವರು ನಮ್ಮ ಮನೆಯ ಮಗಳೇ ಆಗಿದ್ದರೂ, ಕಳುಹಿಸಿದ ಹಣಕ್ಕೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಭೆ ಅದನ್ನು ಸ್ವೀಕರಿಸಬಾರದು.

ವಯಸ್ಸಾದವರೂ ಬಡ ಸದಸ್ಯರೂ ಹೇಗೆ ಪಾಲ್ಗೊಳ್ಳಬಹುದು?

ಸಭೆಯಲ್ಲಿ ನೆರವು ಪಡೆಯುವವರೂ ನೆರವಾಗುವವರೂ ಎರಡು ಬೇರೆ ಗುಂಪುಗಳೆಂದು ಭಾವಿಸುವುದು ತಪ್ಪು. ಸ್ತ್ರೀ ಸಂಘದ ಹಿರಿಯ ಅಮ್ಮಂದಿರು ಆಸ್ಪತ್ರೆಯ ವಾರ್ಡಿನಲ್ಲಿ ಹೆರಿಗೆಗೆ ಬಂದ ಹುಡುಗಿಯರ ಪಕ್ಕ ಕುಳಿತು ಮಾತನಾಡಿದರೆ ಅದನ್ನು ಯಾವ ಕಿಟ್ಟಿನಿಂದಲೂ ಕೊಡಲಾಗದು. ತಾವೇ ಹಿಂದೆ ಮಾಸಾಶನಕ್ಕಾಗಿ ಅಲೆದವರು ಅರ್ಜಿಯ ಮೇಜಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ದಾರಿ ತೋರಿಸುತ್ತಾರೆ.

ವಾರ್ಷಿಕೋತ್ಸವ ಮುಗಿದ ಮೇಲೆ ಸಮಿತಿಯ ಕೆಲಸವೇನು?

ಒಂದು ತಿಂಗಳೊಳಗೆ ಜಮಾ ಖರ್ಚನ್ನು ಸಭೆಯ ಮುಂದೆ ಓದಿ, ಸೂಚನಾ ಫಲಕದಲ್ಲಿ ಹಾಕಬೇಕು. ರಕ್ತದಾನಿಗಳ ಗುಂಪು ಮತ್ತು ಮತ್ತೆ ಕೊಡಬಹುದಾದ ದಿನಾಂಕದ ಪಟ್ಟಿ, ಇನ್ನೂ ಇತ್ಯರ್ಥವಾಗದ ಅರ್ಜಿಗಳ ಸಂಖ್ಯೆ, ಕ್ಷಯರೋಗಿಗಳ ಕಿಟ್ಟಿಗೆ ಉಳಿದಿರುವ ತಿಂಗಳುಗಳು, ಶಸ್ತ್ರಚಿಕಿತ್ಸೆಗೆ ಕಾಯುತ್ತಿರುವವರ ವಿವರ, ಇವನ್ನು ಒಂದು ಪುಸ್ತಕದಲ್ಲಿ ಬರೆದು ಮುಂದಿನ ಸಮಿತಿಗೆ ಒಪ್ಪಿಸಬೇಕು. ಪುಸ್ತಕವು ಸಭಾಪಾಲಕರ ಅಥವಾ ಧರ್ಮಗುರುಗಳ ಕಚೇರಿಯಲ್ಲೇ ಇರಲಿ, ಏಕೆಂದರೆ ಸಮಿತಿಗಳು ಬದಲಾಗುತ್ತವೆ, ಅರ್ಜಿ ಕೊಟ್ಟವರು ವಿಚಾರಿಸಲು ಬರುವುದು ಅದೇ ಬಾಗಿಲಿಗೆ.